ಮೊದಲ ಗೊಂಬೆ ಹಬ್ಬಕ್ಕೆ ಮನೆ ಸಿಂಗರಿಸುವವಳಿಗೆ

ಮಂಡ್ಯ,
ಭಾದ್ರಪದ, ಗುರುವಾರ

ಚಿ. ಸೌ. ಪುಟ್ಟಿಗೆ ದೊಡ್ಡಮ್ಮ ಮಾಡುವ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ದೊಡ್ಡಪ್ಪನ ಮಂಡಿನೋವು ಮಾತ್ರ ಇದ್ದ ಹಾಗೆಯೇ ಇದೆ.

ದಸರೆಗೆ ತರಿಸಬೇಕೆಂದು ನೀನು ಮೊಬೈಲಿನಲ್ಲಿ ಆರಿಸಿಟ್ಟ ಸಾಮಾನುಗಳ ಚಿತ್ರ ನೋಡಿದೆ. ಪ್ಲಾಸ್ಟಿಕ್ ಮಾವಿನೆಲೆಯ ತೋರಣ, ಹುಲ್ಲಿನಂತೆ ಕಾಣುವ ಹಸಿರು ಚಾಪೆ, ಗೊಂಬೆ ಬಾಗಿನಕ್ಕೆ 12 ಬಟ್ಟಲು. ಕುವೆಂಪುನಗರದ ಬಾಡಿಗೆ ಕಟ್ಟಿ ಉಳಿದ ದುಡ್ಡಿನಲ್ಲಿ ಇದೆಲ್ಲ ಬೇಕೇ? ಅಮ್ಮ ಮದುವೆಯಲ್ಲಿ ಕೊಟ್ಟ ರಕ್ತಚಂದನದ ಪಟ್ಟದ ಗೊಂಬೆ ಜೋಡಿ ನಿನ್ನಲ್ಲಿದೆ. ರಾಜ ರಾಣಿ ಕುಳಿತರೆ ಮೂರೇ ಮೆಟ್ಟಿಲಾದರೂ ಸಾಕು. ಸುತ್ತಲಿನದನ್ನು ಕೈಯಲ್ಲೇ ಮಾಡು.

ಬಟ್ಟಲುಗಳಿಂದ ಶುರು ಮಾಡು, ಒಣಗಲು ಅವಕ್ಕೇ ಹೆಚ್ಚು ದಿನ ಬೇಕು. ಹಳೆಯ ದಿನಪತ್ರಿಕೆಗಳನ್ನು ಚೂರು ಮಾಡಿ ಮೂರು ದಿನ ನೆನೆಹಾಕು, ದಿನವೂ ನೀರು ಬದಲಿಸು. ಒಂದು ಹಿಡಿ ಮೆಂತ್ಯವನ್ನು ರಾತ್ರಿ ನೆನೆಸಿ ಬೆಳಿಗ್ಗೆ ನುಣ್ಣಗೆ ರುಬ್ಬು. ಆ ಲೋಳೆಯೇ ಅಂಟು, ಅದರ ಕಹಿಗೆ ಹುಳವೂ ಹತ್ತಿರ ಬರುವುದಿಲ್ಲ. ಕಾಗದವನ್ನು ಹಿಂಡಿ, ಮೆಂತ್ಯದ ಜೊತೆ ಸ್ವಲ್ಪ ಸ್ವಲ್ಪವಾಗಿ ಮಿಕ್ಸಿಗೆ ಹಾಕು. ಒಟ್ಟಿಗೆ ತುಂಬಿದರೆ ಮೋಟಾರು ಸುಟ್ಟುಹೋಗುತ್ತದೆ, ಆಮೇಲೆ ನನ್ನನ್ನು ಬೈಯಬೇಡ. ಸ್ಟೀಲ್ ಡಬರಿಯನ್ನು ಬೋರಲು ಹಾಕಿ, ಒದ್ದೆ ತೆಳುಬಟ್ಟೆ ಹೊದಿಸಿ, ಅದರ ಮೇಲೆ ಈ ಮುದ್ದೆಯನ್ನು ಅಕ್ಕಿರೊಟ್ಟಿಯ ಹಾಗೆ ತಟ್ಟುತ್ತಾ ಬಾ. ಅಂಚಿಗೆ ಬಂದಾಗ ಬೆರಳು ತಾನಾಗಿ ತೆಳ್ಳಗೆ ಎಳೆಯುತ್ತದೆ. ಎಳೆಯಲು ಬಿಡಬೇಡ, ಸೀಳುವುದು ಅಲ್ಲೇ. ಅರ್ಧ ಒಣಗಿದಾಗ ಡಬರಿಯಿಂದ ಬಿಡಿಸು. ಪೂರ್ತಿ ಒಣಗಲೆಂದು ಕಾದರೆ ಕಾಗದ ಕುಗ್ಗಿ, ಡಬರಿಯನ್ನು ಅಪ್ಪಿಕೊಂಡು ಬಿರುಕು ಬಿಡುತ್ತದೆ.

ನಾನು ಮೊದಲು ಮಾಡಿದ್ದು ಆಷಾಢದ ಮೋಡದಲ್ಲಿ. ನಾಲ್ಕನೆಯ ದಿನ ಬಟ್ಟಲಿನ ತುಂಬ ಬೂಷ್ಟು, ಮೂಗು ಮುಚ್ಚಿಕೊಂಡು ತಿಪ್ಪೆಗೆ ಎಸೆದೆ. ಈಗಲೂ ಮಳೆ ಬಿಟ್ಟಿಲ್ಲ, ರಾತ್ರಿ ಫ್ಯಾನಿನ ಕೆಳಗಿಡು. ಒಣಗಿದ ಮೇಲೆ ಕೆಮ್ಮಣ್ಣಿಗೆ ಸ್ವಲ್ಪ ಫೆವಿಕಾಲ್ ಕಲಸಿ ಬಳಿ, ಅಂಚಿಗೆ ಬಿಳಿ ಬಣ್ಣದಲ್ಲಿ ಹೊಸಿಲಿನ ಎಳೆ ರಂಗೋಲಿ ಬರೆ. ಹನ್ನೆರಡು ಬೇಡ, ಐದು ಮಾಡು. ಹನ್ನೆರಡಕ್ಕೆ ಕೈ ಹಾಕಿದವರು ಮೂರಕ್ಕೆ ನಿಲ್ಲಿಸಿದ್ದನ್ನು ನಮ್ಮ ಮನೆಯಲ್ಲೇ ನೋಡಿದ್ದೇನೆ. ಹೆಸರು ಹೇಳುವುದಿಲ್ಲ, ನಿನ್ನ ಅಮ್ಮ ಓದುತ್ತಾಳೆ.

ಹಸಿರು ಚಾಪೆಯಂತೂ ಬೇಡವೇ ಬೇಡ. ಹಬ್ಬಕ್ಕೆ ಎಂಟು ದಿನ ಮೊದಲು ಅಗಲ ತಟ್ಟೆಯಲ್ಲಿ ಎರಡು ಬೆರಳು ಮಣ್ಣು ಹಾಕಿ, ನೆನೆಸಿದ ರಾಗಿ ಚೆಲ್ಲಿ, ನೀರು ಚಿಮುಕಿಸುತ್ತಿರು. ಗೊಂಬೆಗಳ ಪಾರ್ಕು ತಾನಾಗಿ ಎದ್ದುಬರುತ್ತದೆ.

ಅಜ್ಜಿಯ ಮೈಸೂರು ರೇಷ್ಮೆ ಸೀರೆ ಮಡಿಕೆಯಲ್ಲಿ ಹರಿದಿದೆ ಎಂದೆಯಲ್ಲ, ಅದನ್ನು ಪಾತ್ರೆಯವನಿಗೆ ಹಾಕಬೇಡ. ಅಸಲಿ ಜರಿಯಲ್ಲಿ ಬೆಳ್ಳಿ ಇರುತ್ತದೆ, ಅವನು ತೂಗುವುದು ಅದನ್ನೇ. ಸೆರಗನ್ನು ಬಿಡಿಸಿ ಹತ್ತಿಬಟ್ಟೆಯ ಮೇಲಿಟ್ಟು ಕೈಹೊಲಿಗೆ ಹಾಕಿ ಗೊಂಬೆಗಳ ಹಿಂದೆ ಇಳಿಬಿಡು. ಅಂಟು ಸೋಕಿದರೆ ರೇಷ್ಮೆ ಕಲೆಯಾಗುತ್ತದೆ. ಹಬ್ಬ ಮುಗಿದ ಮೇಲೆ ಬಿಸಿಲು ಬೀಳುವ ಗೋಡೆಗೆ ಹಾಕಬೇಡ.

ಬಾಗಿಲಿಗೆ ಸದ್ಯಕ್ಕೆ ನಿಜವಾದ ಮಾವಿನೆಲೆಯೇ ಸಾಕು. ತೆನೆಯ ತೋರಣ ಹೆಣೆಯುವುದನ್ನು ಕಲಿಸು ಎಂದು ನೀನು ಕೇಳಿದ್ದೆ. ಅದು ಈಗ ಆಗದು, ನಾಲೆಯ ಕೆಳಗಿನ ಗದ್ದೆಯಲ್ಲಿ ಭತ್ತ ಇನ್ನೂ ಹಸಿರು. ತೆನೆ ಹಳದಿಗೆ ತಿರುಗಿ ಕಡ್ಡಿಯಲ್ಲಿ ಸ್ವಲ್ಪ ಹಸಿ ಇರುವಾಗ ಕೊಯ್ಯಬೇಕು, ಪೂರ್ತಿ ಬಲಿತರೆ ಹೆಣೆಯುವಾಗ ಕಾಳು ಉದುರುತ್ತದೆ. ಕೊಯ್ಲಿಗೆ ಮುಂಚೆ ನಿನಗೆಂದು ಒಂದು ಹೊರೆ ತೆಗೆಸಿಡುತ್ತೇನೆ. ಭಾನುವಾರ ನೋಡಿಕೊಂಡು ಬಾ, ಜಗುಲಿಯಲ್ಲಿ ಕುಳಿತು ಇಬ್ಬರೂ ಹೆಣೆಯೋಣ. ಬರುವಾಗ ಗೃಹಪ್ರವೇಶದ ದಿನ ಒಯ್ದ ನನ್ನ ಕಂಚಿನ ತಂಬಿಗೆಯನ್ನು ಮರೆಯದೆ ತಾ.

ಇಂತಿ,
ನಿನ್ನ ದೊಡ್ಡಮ್ಮ