ಕಣಿಕಿ ಯಾರು ಕೊಟ್ಟರು?

ದೋಸ್ತ,

ಶಾಲು ಹೊದ್ದುಕೊಂಡ ನನ್ನ ಫೋಟೋ ನೋಡಿ ನೀನು ಕಳಿಸಿದ ಮೆಸೇಜ್ ಓದಿದೆ. "ಸೈನ್ ಥೀಟಾ ಕಾಕಾ ಇದನ್ನ ನೋಡಿದ್ರ ಏನಂತಿದ್ರಲೇ?" ಅಂತ. ನಮ್ಮ ಹಳೆಯ ಗಣಿತ ಮಾಸ್ತರರನ್ನು ಎಳೆದು ತಂದೆಯಲ್ಲ, ಎರಡು ದಿನ ನಕ್ಕೆ. ಮನೆಯಲ್ಲಿ ಕೇಳಿದರು, ಹೇಳಲಿಲ್ಲ. ಹೇಳಿದರೆ ಆ ಹಳೆಯ ಹಸಿರು ಸೈಕಲ್ಲಿನ ಕಥೆ ತನಕ ಹೋಗಬೇಕಾಗುತ್ತದೆ.

ಫೋಟೋ ಎಲ್ಲರಿಗೂ ಕಾಣುವ ಹಾಗೆ ಹಾಕಿದ್ದೆ. ಅದಕ್ಕೆ ಈ ಪತ್ರವನ್ನೂ ಹಾಗೇ ಹಾಕುತ್ತಿದ್ದೇನೆ. ನಿನಗೊಬ್ಬನಿಗೇ ಬರೆದರೆ ಓದಿ, ಒಂದು ನಗುವ ಮುಖ ಕಳಿಸಿ, ಮಲಗಿಬಿಡುತ್ತೀಯ. ನನಗೆ ಗೊತ್ತಿಲ್ವಾ ನಿನ್ನ ಹಣೆಬರಹ?

ವಿಷಯ ಏನಪ್ಪಾ ಅಂದ್ರೆ, ತರಬೇತಿ. ಐದು ದಿನ. ಮೊದಲ ದಿನ ಐವತ್ತು ದಾಟಿದ ಮಾಸ್ತರುಗಳೆಲ್ಲ ಎದ್ದು ನಿಂತು ಆನೆ, ಇರುವೆ ಅಂತ ಕೂಗುತ್ತಾ ಕುಣಿದೆವು. ಆಮೇಲೆ ಚಾರ್ಟ್ ಹಾಳೆ, ಸ್ಕೆಚ್ ಪೆನ್ನು, ಗುಂಪು ಚರ್ಚೆ. ಸೂಸಲಾ ಮತ್ತು ಮಿರ್ಚಿ ಚಲೋ ಇದ್ದವು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಶಿಕ್ಷಕರು ವರ್ಷಕ್ಕೆ ಕನಿಷ್ಠ 50 ಗಂಟೆ ಇಂಥ ವೃತ್ತಿ ಕಲಿಕೆ ಮಾಡಬೇಕು ಅಂತ ಬರೆದಿದೆ. ಅದರಲ್ಲಿ ನಾನು ಎಷ್ಟು ಗಂಟೆ ಎಚ್ಚರ ಇದ್ದೆ ಅನ್ನುವುದನ್ನು ಇಲ್ಲಿ ಬರೆಯಲ್ಲ. ನಮ್ಮ ಹೆಡ್‌ಮಾಸ್ತರರೂ ಇದನ್ನು ಓದುತ್ತಾರೆ. ನಮಸ್ಕಾರ ಸರ್.

ಎರಡನೇ ದಿನ "ಅಂತರ್‌ಶಿಸ್ತೀಯ ಬೋಧನೆ" ಬಂತು. ಶಿಸ್ತು ಅಂದರೆ ನಮಗೆಲ್ಲ ಪಿ.ಟಿ. ಮಾಸ್ತರರ ಸೀಟಿ ಅಲ್ವಾ? ಇದು ಅದಲ್ಲವಂತೆ. ಒಂದು ಪಾಠಕ್ಕೆ ಬೇರೆ ಬೇರೆ ವಿಷಯಗಳು ಕೂಡಿಕೊಳ್ಳಬೇಕಂತೆ. ನಾನು ಒಳಗೊಳಗೇ ನಕ್ಕೆ. ಸಮಾಜ ವಿಜ್ಞಾನ ಅಂತ ಒಂದೇ ಪುಸ್ತಕದಲ್ಲಿ ಇತಿಹಾಸ, ಭೂಗೋಳ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಆರೂ ಇವೆ. ಹದಿನೆಂಟು ವರ್ಷದಿಂದ ಆರನ್ನೂ ನಾನೊಬ್ಬನೇ ಕಲಿಸುತ್ತಿದ್ದೇನೆ. ಅವಕ್ಕೆ ಒಂದಕ್ಕೊಂದು ಪರಿಚಯ ಮಾಡಿಸಿಲ್ಲ, ಅಷ್ಟೇ.

ನಾಲ್ಕನೇ ದಿನ ಪ್ರತಿಯೊಬ್ಬರೂ ತಾವು ಮಾಡಿದ ಇಂಥ ಒಂದು ಪಾಠ ಹೇಳಬೇಕಿತ್ತು. ನಾನು ನಮ್ಮ ವಿಜಯಪುರದ ತೋಪಿನ, ಅಂದರೆ ಫಿರಂಗಿಯ, ಪಾಠ ಹೇಳಿದೆ. ಚಪ್ಪಾಳೆ ಬಿತ್ತು. ಶಾಲು ಬಂತು. ಫೋಟೋ ನೀನು ನೋಡಿದೆ.

ಈಗ ಪಾಠ ಕೇಳು. ಇಲ್ಲಿನ ಕೋಟೆಯ ಶೆರ್ಝಾ ಬುರುಜಿನ ಮೇಲಿನ ಮಲಿಕ್-ಎ-ಮೈದಾನ್ ತೋಪು ನಿನಗೆ ಗೊತ್ತು. ಸಿಂಹದ ಬಾಯಿ, ಅದರೊಳಗೆ ಆನೆ. ಅದರ ಮುಂದೆ ನಾವಿಬ್ಬರೂ ನಿಂತು ತೆಗೆಸಿಕೊಂಡ ಫೋಟೋ ನಮ್ಮವ್ವ ಇನ್ನೂ ಇಟ್ಟಿದ್ದಾಳೆ, ಹೆದರಬೇಡ, ಹಾಕಲ್ಲ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು. ತೂಕ ಸುಮಾರು 55 ಟನ್. 1632ರಲ್ಲಿ ಮಹಾರಾಷ್ಟ್ರದ ಪರಾಂಡಾ ಕೋಟೆಯಿಂದ ಇಲ್ಲಿಗೆ ತಂದರು, ಮಹಮ್ಮದ್ ಆದಿಲ್‌ಶಾಹನ ಕಾಲ. ಎಳೆದದ್ದು 400 ಎತ್ತು, 10 ಆನೆ, ನೂರಾರು ಆಳು ಅನ್ನುತ್ತಾರೆ. ಇಷ್ಟನ್ನು ನಾನು ಪ್ರತಿ ವರ್ಷ ಬರೆಸುತ್ತೇನೆ. ಮಕ್ಕಳು ಬಾಯಿಪಾಠ ಮಾಡುತ್ತಾರೆ. ಗಂಟೆ ಹೊಡೆಯುತ್ತದೆ.

ಈ ಸಲ ಗಣಿತದ ಅಕ್ಕೋರು ಅದೇ ತಾಸಿನಲ್ಲಿ ಹಿಂದಿನ ಬೆಂಚಿನಲ್ಲಿ ಪೇಪರ್ ತಿದ್ದುತ್ತಾ ಕೂತಿದ್ದರು. ಸ್ಟಾಫ್ ರೂಮಿನ ಫ್ಯಾನ್ ಕೆಟ್ಟಿತ್ತು, ಬೇರೆ ಘನ ಕಾರಣ ಏನೂ ಇಲ್ಲ. ನಾನು ಬರೆಸಿ ಮುಗಿಸುವಷ್ಟರಲ್ಲಿ ಎದ್ದು ಬಂದು ಬೋರ್ಡಿನ ಮೇಲೆ 55,000 ಭಾಗಿಸು 400 ಅಂತ ಬರೆದರು. ಒಂದು ಎತ್ತಿನ ಪಾಲಿಗೆ 137.5 ಕಿಲೋ. ಮಕ್ಕಳು ನಕ್ಕರು. "ಇಷ್ಟ ಏನ್ರೀ? ನಮ್ಮ ಜೋಡೆತ್ತು ಹತ್ತು ಚೀಲ ಜ್ವಾಳ ಎಳಿತಾವು" ಅಂದಳು ಒಬ್ಬಳು. ಹಾಗಾದರೆ ಅಷ್ಟೊಂದು ಎತ್ತು ಯಾಕೆ ಬೇಕಾದವು ಅಂತ ಅಕ್ಕೋರು ಕೇಳಿದರು.

ದೋಸ್ತ, ಆ ಹುಡುಗರು ಬಾಯಿ ಬಿಟ್ಟು ಕಾರಣ ಹೇಳಿದ್ದನ್ನು ನಾನು ಅವತ್ತೇ ನೋಡಿದ್ದು. 200 ಜೋಡಿ, ಜೋಡಿಗೆ ಮೂರು ಮೀಟರ್ ಹಿಡಿದರೂ ಸಾಲು 600 ಮೀಟರ್ ಆಗುತ್ತದೆ. ಮುಂದಿನ ಎತ್ತು ತಿರುವು ದಾಟಿದಾಗ ಹಿಂದಿನದು ಇನ್ನೂ ನೆಟ್ಟಗೆ ಎಳೆಯುತ್ತಿರುತ್ತದೆ. ಎಲ್ಲವೂ ಒಟ್ಟಿಗೆ ಜಗ್ಗುವುದಿಲ್ಲ. ದಣಿದವನ್ನು ಬಿಚ್ಚಿ ಬೇರೆ ಹೂಡಬೇಕು. ಎರಿ ಭೂಮಿಯಲ್ಲಿ ಮಳೆ ಬಿದ್ದರೆ ಗಾಲಿ ಹೂತುಹೋಗುತ್ತದೆ. ಪರಾಂಡಾದಿಂದ ಇಲ್ಲಿಗೆ ನೇರ ಗೆರೆ ಎಳೆದರೂ ಸುಮಾರು 160 ಕಿಲೋಮೀಟರ್, ನಡುವೆ ಭೀಮಾ ನದಿ. ಹೊಳೆ ತುಂಬಿದಾಗ ದಾಟಲು ಆಗಲ್ಲ. ಹಾಗಾದರೆ ಯಾವಾಗ ತರಬೇಕು? "ಸುಗ್ಗಿ ಮುಗದ ಮ್ಯಾಲ" ಅಂತ ಮೂರು ದನಿ ಒಟ್ಟಿಗೆ ಬಂದವು.

ಆಗ ಕಿಟಕಿ ಪಕ್ಕದ ಹುಡುಗ ಕೇಳಿದ: "ಸರ, ನಾಕನೂರ ಎತ್ತಿಗೆ ಕಣಿಕಿ ಯಾರ ಕೊಟ್ರೀ?" ಕಣಿಕಿ ಅಂದರೆ ಜೋಳದ ಒಣ ದಂಟಿನ ಮೇವು.

ಅಕ್ಕೋರು ತಕ್ಷಣ ಲೆಕ್ಕಕ್ಕೆ ಇಳಿದರು. ಎತ್ತಿಗೆ ದಿನಕ್ಕೆ ಹತ್ತು ಕಿಲೋ ಕಣಿಕಿ ಅಂತ ಹುಡುಗರೇ ಹೇಳಿದರು. ದಿನಕ್ಕೆ ನಾಲ್ಕು ಟನ್ ಆಯಿತು. ದಿನಕ್ಕೆ ಐದು ಕಿಲೋಮೀಟರ್ ಸಾಗಿದರೆ 32 ದಿನ. ಒಟ್ಟು 128 ಟನ್. ತೋಪಿನ ಎರಡು ಪಟ್ಟಿಗಿಂತ ಜಾಸ್ತಿ ತೂಕದ ಮೇವು! ಆನೆಗಳ ಪಾಲು ಬೇರೆ. ನಮ್ಮ ಊಹೆಯ ಲೆಕ್ಕ ಇದು, ಒಪ್ಪುತ್ತೇನೆ. ಆದರೆ ಅರ್ಧಕ್ಕೆ ಇಳಿಸಿದರೂ ಎಷ್ಟು ಬಣವಿ ಖಾಲಿ ಆಗಬೇಕು ನೋಡು.

ಅವತ್ತು ರಾತ್ರಿ ನನ್ನ ಹಳೆಯ ನೋಟ್ಸ್ ತೆಗೆದೆ. ತೋಪು ಒಂದು ಕಡೆ ಇದೆ, 1632. ಹದಿಮೂರು ಹಾಳೆ ಹಿಂದೆ, ಶಾಹಜಹಾನನ ಪಾಠದಲ್ಲಿ, ಅರ್ಧ ಸಾಲು: "1630ರಿಂದ 1632, ಗುಜರಾತ್ ಮತ್ತು ದಖನ್‌ನಲ್ಲಿ ಭೀಕರ ಬರ." ಅದೇ ಹಾಳೆಯಲ್ಲಿ ಮುಮ್ತಾಜ್ 1631ರಲ್ಲಿ ಬುರ್ಹಾನ್‌ಪುರದಲ್ಲಿ ತೀರಿಕೊಂಡದ್ದು ಇದೆ, ತಾಜಮಹಲಿಗೆ ಎರಡು ಪುಟ ಇದೆ. ಬರಕ್ಕೆ ಅರ್ಧ ಸಾಲು. ಎರಡೂ ನನ್ನದೇ ಕೈಬರಹ. ಸತತವಾಗಿ ಬೆಳೆ ಕೈಕೊಟ್ಟ ವರ್ಷಗಳ ಕೊನೆಗೆ, ಕಣಿಕಿಯೇ ಇಲ್ಲದ ಕಾಲದಲ್ಲಿ, ನಾನೂರು ಎತ್ತು ಮೇಯುತ್ತಾ ಬಂದಿವೆ. ಹದಿನೆಂಟು ವರ್ಷ ಬರೆಸಿದ್ದೇನೆ, ಒಂದು ದಿನವೂ ಆ ಎರಡು ಇಸವಿಗಳನ್ನು ಅಕ್ಕಪಕ್ಕ ಇಟ್ಟು ನೋಡಿಲ್ಲ.

ತರಬೇತಿಯಲ್ಲಿ ಇದನ್ನೆಲ್ಲ ಹೇಳಿದೆ. ಕೊನೆಗೆ ಬರದ ಮಾತು ಬಂದಾಗ ಕೋಣೆ ಸುಮ್ಮನಾಯಿತು. ನನಗೆ ಹೆಮ್ಮೆಯಾಯಿತು.

ಇಲ್ಲಿಗೆ ನಿಲ್ಲಿಸಬೇಕು ಅಂದುಕೊಂಡಿದ್ದೆ. ನಿಲ್ಲುತ್ತಿಲ್ಲ.

ನಾನು ಅಲ್ಲಿ ಹೇಳಿದ್ದು ಹೀಗೆ: "ಆಗ ನಾನು ಮಕ್ಕಳನ್ನು ಕೇಳಿದೆ, ಈ ಎತ್ತುಗಳಿಗೆ ಮೇವು ಯಾರು ಕೊಟ್ಟಿರಬಹುದು?" ನಾನು ಕೇಳಿದೆ. ನಾನು ಬೋರ್ಡಿನ ಮೇಲೆ ಲೆಕ್ಕ ಮಾಡಿಸಿದೆ. ಅಕ್ಕೋರ ಹೆಸರು ಬರಲಿಲ್ಲ. "ಗಣಿತದ ಸಹಕಾರ ಪಡೆದು" ಅಂತ ಒಂದು ಮಾತು ಬಂತು, ಗಣಿತ ಯಾವುದೋ ಸೊಸೈಟಿ ಅನ್ನುವ ಹಾಗೆ.

ಇನ್ನೂ ಇದೆ. ಆ ಹುಡುಗ ಕಣಿಕಿ ಕೇಳಿದಾಗ ಅಕ್ಕೋರು ಲೆಕ್ಕಕ್ಕೆ ಇಳಿದರು ಅಂತ ಮೇಲೆ ಬರೆದೆನಲ್ಲ? ನಡುವೆ ಒಂದು ಮಾತು ಬಿಟ್ಟಿದ್ದೇನೆ. ಅದಕ್ಕಿಂತ ಮೊದಲು ನಾನು ಅಂದದ್ದು: "ಅದು ಪರೀಕ್ಷೆಕ್ಕ ಬರೂದಿಲ್ಲ, ಕುಂದ್ರು." ಅವನು ಕೂತೂ ಆಗಿತ್ತು.

ಅವನನ್ನು ಎಬ್ಬಿಸಿ ನಿಲ್ಲಿಸಿದ್ದು ಅಕ್ಕೋರು.

ಗಣಿತಕ್ಕೆ ಹೆದರಿ ಇತಿಹಾಸಕ್ಕೆ ಓಡಿಬಂದವನು ನಾನು ಅಂತ ನಿನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಇಲ್ಲಿ ಎಲ್ಲ ಮುಗಿದುಹೋಗಿರುತ್ತದೆ, ಯಾರೂ ಹೊಸದಾಗಿ ಏನೂ ಕೇಳಲ್ಲ ಅನ್ನುವ ಧೈರ್ಯ ನನಗೆ. ಕೇಳಿದವರಿಗೆ "ಕುಂದ್ರು" ಅಂದಿದ್ದೇನೆ. ಹದಿನೆಂಟು ವರ್ಷದಲ್ಲಿ ಎಷ್ಟು ಜನರನ್ನು ಕೂರಿಸಿರಬಹುದು? ಈ ಲೆಕ್ಕ ಮಾಡಲು ಅಕ್ಕೋರನ್ನು ಕರೆಯಲಾರೆ. ಫೋಟೋ ನೋಡಿ ಅವರು ಅಂದದ್ದು ಇಷ್ಟೇ: "ಚಲೋ ಆತು ಬಿಡ್ರಿ ಸರ." ಅದರಲ್ಲಿ ಆ "ಬಿಡ್ರಿ" ಇದೆಯಲ್ಲ, ಅದು ನನ್ನ ಕಿವಿಯಲ್ಲಿ ಗೋಲಗುಂಬಜದ ಕೂಗಿನ ಹಾಗೆ ಸುತ್ತು ಹೊಡೆಯುತ್ತಿದೆ.

ಹುಡುಗ ಏನೂ ಬೇಜಾರು ಮಾಡಿಕೊಂಡಿಲ್ಲ. ಅದೇ ಕಷ್ಟ. ತರಬೇತಿ ಮುಗಿಸಿ ಹೋದ ದಿನ ಗೇಟಿನಲ್ಲೇ ಹಿಡಿದ. "ಸರ, ಅಲ್ಲಿ ದೊಡ್ಡ ದೊಡ್ಡ ಮಾಸ್ತರು ಬಂದಿದ್ರಂತಲ್ರಿ, ಕಣಿಕಿದು ಉತ್ತರ ಸಿಕ್ತೇನ್ರೀ?" ಅರವತ್ತು ಮಂದಿ ಚಪ್ಪಾಳೆ ತಟ್ಟಿದೆವು, ಮಿರ್ಚಿ ತಿಂದೆವು, ಉತ್ತರ ಯಾರಿಗೂ ಬೇಕಾಗಿರಲಿಲ್ಲ. "ನಾಳೆ ಹೇಳ್ತೀನಿ" ಅಂದೆ. ಇವತ್ತಿಗೆ ಹನ್ನೊಂದು ದಿನ. ಈಗ ನಾನು ಸೈಕಲ್ ಸ್ಟ್ಯಾಂಡ್ ಕಡೆಯ ಗೇಟಿನಿಂದ ಒಳಗೆ ಹೋಗುತ್ತಿದ್ದೇನೆ.

ಜಾಸ್ತಿ ಬರೆದೆ ಅನಿಸುತ್ತಿದೆ. ಶಾಲು ಎಲ್ಲಿದೆ ಅಂತ ಕೇಳುತ್ತೀಯೇನೋ. ಮಿಕ್ಸರ್ ಮೇಲೆ ಧೂಳು ಬೀಳದ ಹಾಗೆ ಹೊದಿಸಿದ್ದಾರೆ, ಬಹಳ ಒಪ್ಪುತ್ತದೆ.

ಇನ್ನೊಂದು. 1854ರಲ್ಲಿ ಇದೇ ತೋಪನ್ನು ಹರಾಜಿಗೆ ಇಟ್ಟಿದ್ದರು. ಬಂದ ಬೆಲೆ 150 ರೂಪಾಯಿ. ಕೊನೆಗೆ ಮಾರಾಟ ರದ್ದಾಯಿತು. ನಮ್ಮಿಬ್ಬರ ನಡುವಿನ ಆ 150 ನೆನಪಿದೆಯಲ್ಲ? ನೀನು ಹೊತ್ತಿಗೆ ಸರಿಯಾಗಿ ಕೊಟ್ಟಿದ್ದರೆ, ಮತ್ತು ನಾವು ಸ್ವಲ್ಪ ಮೊದಲೇ ಹುಟ್ಟಿದ್ದರೆ, ತೋಪು ನನ್ನದೇ ಇರುತ್ತಿತ್ತು. ಎತ್ತಿನ ಖರ್ಚು ಮಾತ್ರ ನೀನೇ ನೋಡಿಕೊಳ್ಳಬೇಕಿತ್ತು.

ವೈನಿಗೆ ನಮಸ್ಕಾರ ಹೇಳು. ದೀಪಾವಳಿಗೆ ಬಾ.

ನಿನ್ನ,
ಗಣಿತದ ಏಳೂವರೆ ಮಾರ್ಕಿನವ