ಬಂದರು ಕೆರೆಯಾದ ಊರಿನಿಂದ

ಪ್ರೀತಿಯ ಸುಬ್ಬು,

ಟುನೀಶಿಯಾದಲ್ಲಿ ಏನಿದೆ ಅಂತ ಹೋದೆ ಮಾರಾಯ ಅಂತ ನೀನು ಕೇಳಿದ್ದೆ. ನಿಜ ಹೇಳುತ್ತೇನೆ, ಟಿಕೆಟ್ ಅಗ್ಗಕ್ಕೆ ಸಿಕ್ಕಿತು, ಹೋದೆವು. ಫ್ರಾಂಕ್‌ಫರ್ಟ್‌ನಿಂದ ಎರಡೂವರೆ ಗಂಟೆ, ಅಷ್ಟೇ. ಬೆಂಗಳೂರಿನವರು ರಜೆ ಸಿಕ್ಕರೆ ಗೋಕರ್ಣಕ್ಕೆ ಓಡುವ ಹಾಗೆ ಇಲ್ಲಿ ಜರ್ಮನಿಯವರು ಅಲ್ಲಿಗೆ ಓಡುತ್ತಾರೆ. ವಿಮಾನ, ರೂಮು, ಮೂರು ಹೊತ್ತಿನ ಊಟ ಎಲ್ಲ ಸೇರಿ ಒಂದೇ ದುಡ್ಡು. ಆಗಸ್ಟ್ ಕೊನೆಯ ವಾರ, ಹಮ್ಮಾಮೆತ್ ಅನ್ನುವ ಊರು.

ರಿಸಾರ್ಟಿನ ಬಗ್ಗೆ ಬರೆಯಲು ಜಾಸ್ತಿ ಇಲ್ಲ. ಬಿಳಿ ಮರಳು, ತಿಳಿ ನೀರು, ಅಲೆಯೇ ಇಲ್ಲದ ಸಮುದ್ರ. ಕುಂದಾಪುರದ ನಮ್ಮ ಕೋಡಿ ಕಡಲು ನೋಡಿದವನಿಗೆ ಅದು ಕೆರೆ ಥರ ಕಾಣುತ್ತದೆ. ಬಾಗಿಲಲ್ಲೇ ಕೈಗೆ ಪ್ಲಾಸ್ಟಿಕ್ ಪಟ್ಟಿ ಕಟ್ಟಿದರು. ಏಸಿ ಎರಡು ದಿನ ಕೆಟ್ಟಿತ್ತು, ಹೇಳಿ ಹೇಳಿ ಸಾಕಾಯಿತು. ಹೆಸರು ಬರೆಯುವುದಿಲ್ಲ, ಬಿಡು. ತಮಾಷೆ ಏನಂದರೆ, ಬೆಳಿಗ್ಗೆ ಆರಕ್ಕೇ ಜನ ಎದ್ದು ಬಂದು ದಂಡೆಯ ಕುರ್ಚಿಗಳ ಮೇಲೆ ಟವೆಲ್ ಹಾಸಿ, ಮತ್ತೆ ಹೋಗಿ ಮಲಗುತ್ತಿದ್ದರು. ಕುಂದಾಪುರ ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಕರ್ಚೀಫು ಎಸೆದು ಸೀಟು ಹಿಡಿಯುತ್ತಿದ್ದೆವಲ್ಲ, ಅದೇ ಬುದ್ಧಿ. ಇಷ್ಟು ವರ್ಷ ಈ ವಿದ್ಯೆ ನಮ್ಮದೊಂದೇ ಅಂದುಕೊಂಡಿದ್ದೆ.

ಮೂರನೇ ದಿನಕ್ಕೆ ಬೇಜಾರು ಹತ್ತಿತು. ರಾಜಧಾನಿ ಟ್ಯೂನಿಸ್‌ಗೆ ಹೋಗೋಣ ಅಂತ ಹೊರಟೆವು. ಅಲ್ಲಿ ಲುವಾಜ್ ಅಂತ ಬಿಳಿ ವ್ಯಾನುಗಳು ಓಡುತ್ತವೆ. ದೂರದ ಊರಿಗೆ ಹೋಗುವುದಕ್ಕೆ ಕೆಂಪು ಪಟ್ಟಿ ಇರುತ್ತದೆ. ಟೈಮ್‌ಟೇಬಲ್ ಅಂತ ಏನೂ ಇಲ್ಲ. ಎಂಟು ಸೀಟು ತುಂಬಬೇಕು, ಆಗ ಹೊರಡುತ್ತದೆ. ಡ್ರೈವರು 'ತುನಿಸ್ ತುನಿಸ್ ತುನಿಸ್' ಅಂತ ಕೂಗುವುದು ಕೇಳಿ ನಮ್ಮನೆಯವಳಿಗೆ ನಗು ತಡೆಯಲಿಲ್ಲ. 'ಉಡ್ಪಿ ಉಡ್ಪಿ' ಅಂದ ಹಾಗೇ ಇತ್ತು.

ಅಲ್ಲಿ ಒಬ್ಬ ಗಾಡಿಯಲ್ಲಿ ಹಣ್ಣು ಮಾರುತ್ತಿದ್ದ. ಪಾಪಾಸುಕಳ್ಳಿ ಹಣ್ಣು ಕಣೋ! ನಮ್ಮಲ್ಲಿ ಬೇಲಿಯಲ್ಲಿ ಬಿದ್ದಿರುವ ಜಾತಿಯದೇ. ಚಾಕುವಿನಿಂದ ಎರಡು ತುದಿ ಕತ್ತರಿಸಿ, ನಡುವೆ ಒಂದು ಗೀರು ಹಾಕಿ, ಮುಳ್ಳಿನ ಸಿಪ್ಪೆಯನ್ನು ಕೋಟು ಬಿಚ್ಚಿದ ಹಾಗೆ ಬಿಡಿಸಿ ಕೊಟ್ಟ. ತಣ್ಣಗೆ, ಸಿಹಿಯಾಗಿ, ಬಾಯಿ ತುಂಬ ಬೀಜ. ಹೆಸರು ಕೇಳಿದೆ. 'ಹಿಂದಿ' ಅಂದ. ನಾನು ಹಿಂದಿಯವನಾ ಅಂತ ಕೇಳುತ್ತಿದ್ದಾನೆ ಅಂದುಕೊಂಡು ಹೌದು ಅಂದೆ. ಅವನು ಹಣ್ಣು ತೋರಿಸಿ 'ಹಿಂದಿ', ನನ್ನ ತೋರಿಸಿ 'ಹಿಂದಿ' ಅಂತ ಹೊಟ್ಟೆ ಹಿಡಿದು ನಕ್ಕ. ಅರಬ್ಬಿಯಲ್ಲಿ ಭಾರತದವನೂ ಹಿಂದಿ, ಅಲ್ಲಿನವರ ಬಾಯಲ್ಲಿ ಈ ಹಣ್ಣೂ ಹಿಂದಿ. ಗಿಡ ಬಂದಿದ್ದು ಮೆಕ್ಸಿಕೋ ಕಡೆಯಿಂದ, ನಮಗೂ ಅದಕ್ಕೂ ಸಂಬಂಧ ಇಲ್ಲ. ಕುಂದಾಪ್ರದವನು ಆಫ್ರಿಕಾಕ್ಕೆ ಹೋಗಿ, ಕಳ್ಳಿ ಹಣ್ಣಿನ ಜೊತೆ ಸೇರಿ ಹಿಂದಿ ಅನ್ನಿಸಿಕೊಂಡು ಬಂದೆ ನೋಡು.

ಟ್ಯೂನಿಸ್‌ನಿಂದ ಸಮುದ್ರದ ಪಕ್ಕ ಒಂದು ಲೋಕಲ್ ರೈಲು ಹೋಗುತ್ತದೆ. ಸ್ಟೇಷನ್ ಹೆಸರು ಕೇಳು: ಕಾರ್ತೇಜ್ ಸಲಾಂಬೊ, ಕಾರ್ತೇಜ್ ಬಿರ್ಸಾ, ಕಾರ್ತೇಜ್ ಹ್ಯಾನಿಬಲ್. ಏಳನೇ ಕ್ಲಾಸಿನಲ್ಲಿ ಆನೆ ಕಟ್ಟಿಕೊಂಡು ಆಲ್ಪ್ಸ್ ದಾಟಿದ ಅಂತ ಓದಿದ್ದೆವಲ್ಲ, ಆ ಕಾರ್ತೇಜ್ ಸೇನಾಪತಿ ಹ್ಯಾನಿಬಲ್ಲನ ಹೆಸರಿನ ಸ್ಟೇಷನ್ನಿನಲ್ಲಿ ಶಾಲೆ ಹುಡುಗರು ಚಿಪ್ಸ್ ತಿನ್ನುತ್ತ ಇಳಿಯುತ್ತಾರೆ.

ನಾವು ಸಲಾಂಬೊದಲ್ಲಿ ಇಳಿದೆವು. ನನಗೆ ನೋಡಬೇಕಿದ್ದದ್ದು ಹಳೆಯ ಕಾರ್ತೇಜ್ ಪಟ್ಟಣದ ಬಂದರು. ಆ ಊರು ಹುಟ್ಟಿದ ಕಥೆ ಕೇಳು. ಲೆಬನಾನ್ ಕಡೆಯ ಟೈರ್ ಪಟ್ಟಣದ ರಾಜಕುಮಾರಿ ಎಲಿಸ್ಸಾ ಬಂದು, ಒಂದು ಎತ್ತಿನ ಚರ್ಮ ಮುಚ್ಚುವಷ್ಟು ಜಾಗ ಕೊಡಿ ಅಂತ ಕೇಳಿದಳಂತೆ. ಕೊಟ್ಟರು. ಅವಳು ಚರ್ಮವನ್ನು ನೂಲಿನ ಹಾಗೆ ಸೀಳಿ ಇಡೀ ಗುಡ್ಡಕ್ಕೆ ಸುತ್ತು ಹಾಕಿಬಿಟ್ಟಳು. ಮೂರು ಹೆಜ್ಜೆ ಕೇಳಿದ ವಾಮನನ ತಂಗಿ ಇರಬೇಕು. ಇದು ಕ್ರಿ.ಪೂ. 814ರ ಮಾತು ಅಂತ ಹೇಳುತ್ತಾರೆ. ಆಮೇಲೆ ಆ ಊರು ಎಷ್ಟು ಬೆಳೆಯಿತು ಅಂದರೆ ರೋಮ್‌ಗೇ ನಿದ್ದೆ ಬರಲಿಲ್ಲ. ವ್ಯಾಪಾರಕ್ಕೆ ಒಂದು ಬಂದರು, ಅದರ ಹಿಂದೆ ಯುದ್ಧದ ಹಡಗಿಗೆ ಇನ್ನೊಂದು, ದುಂಡಗೆ. ಸುತ್ತಲೂ ಮತ್ತು ನಡುವಿನ ದ್ವೀಪದಲ್ಲಿ ಸೇರಿ 220 ಹಡಗು ನಿಲ್ಲುತ್ತಿದ್ದವು, ಸಮುದ್ರದ ಬಾಯಿಗೆ ಕಬ್ಬಿಣದ ಸರಪಳಿ ಕಟ್ಟುತ್ತಿದ್ದರು ಅಂತ ಹಳೆಯ ಇತಿಹಾಸಕಾರ ಅಪ್ಪಿಯನ್ ಬರೆದಿದ್ದಾನೆ. ಬಂದ ವ್ಯಾಪಾರಿಗಳಿಗೂ ಒಳಗೆ ಏನಿದೆ ಕಾಣಬಾರದು ಅಂತ ಗೋಡೆ ಬೇರೆ.

ಈಗ ಅಲ್ಲಿ ಇರುವುದು ಒಂದು ಕೆರೆ, ಸುಬ್ಬು. ಹಸಿರು ನೀರು, ಅಡ್ಡಕ್ಕೆ ಮುನ್ನೂರು ಮೀಟರ್ ಚಿಲ್ಲರೆ. ಸುತ್ತ ದುಡ್ಡಿದ್ದವರ ಬಂಗಲೆಗಳು, ಗೋಡೆ ಮೇಲೆ ಬೋಗನ್‌ವಿಲ್ಲಾ. ನಡುವೆ ದ್ವೀಪದಲ್ಲಿ ಹುಲ್ಲು, ಹುಲ್ಲಿನಲ್ಲಿ ನಾಲ್ಕು ಕಲ್ಲು. ಬೋರ್ಡು ನೋಡದಿದ್ದರೆ ದಾಟಿ ಹೋಗಿಬಿಡುತ್ತಿದ್ದೆವು. ಇಬ್ಬರು ಹುಡುಗರು ಬ್ರೆಡ್ಡಿನ ಉಂಡೆ ಸಿಕ್ಕಿಸಿ ಗಾಳ ಹಾಕಿ ಕೂತಿದ್ದರು. ಒಬ್ಬನ ಚಪ್ಪಲಿ ನೀರಿಗೆ ಬಿತ್ತು, ಅದನ್ನು ತೆಗೆಯುವುದೇ ದೊಡ್ಡ ಗಲಾಟೆ.

ನನಗೆ ಕುಂದಾಪುರದ ಪಕ್ಕದ ನಮ್ಮ ಬಸ್ರೂರು ನೆನಪಾಯಿತು. ಕಾಲೇಜು ತಪ್ಪಿಸಿ ವಾರಾಹಿ ದಂಡೆಯಲ್ಲಿ ಕೂರುತ್ತಿದ್ದೆವಲ್ಲ. 1665ರಲ್ಲಿ ಶಿವಾಜಿ ಹಡಗು ಕಟ್ಟಿಕೊಂಡು ಬಂದು ಲೂಟಿ ಮಾಡುವಷ್ಟು ಸಿರಿ ಇದ್ದ ಬಂದರು ಅಂತೆ. ನಾವು ನೋಡುವ ಹೊತ್ತಿಗೆ ಅಲ್ಲಿ ಕಂಡದ್ದು ಹೊಳೆ, ದೋಣಿ, ಹಂಚಿನ ಕಾರ್ಖಾನೆ. ನೀನು ಆಗ 'ಇಲ್ಲಿಗೆ ಹಡಗು ಬರ್ತಿತ್ತಾ, ಸುಮ್ನೆ ಹೇಳ್ತಾರೆ' ಅಂದಿದ್ದೆ. ಆ ಕೆರೆ ದಂಡೆಯಲ್ಲಿ ನಿಂತು ನಾನೂ ಅದನ್ನೇ ಅಂದೆ, ಜೋರಾಗಿ, ಕನ್ನಡದಲ್ಲೇ. ಮಗಳು ಯಾರ ಹತ್ತಿರ ಮಾತಾಡ್ತಿದ್ದೀಯಾ ಅಂತ ಕೇಳಿದಳು.

ಕ್ರಿ.ಪೂ. 146ರಲ್ಲಿ ರೋಮನ್ನರು ಕಾರ್ತೇಜನ್ನು ಸುಟ್ಟರು. ನೆಲಕ್ಕೆ ಉಪ್ಪು ಬಿತ್ತಿದರು ಅಂತ ಗೈಡುಗಳು ಹೇಳುತ್ತಾರೆ, ನಂಬಬೇಡ. ಹಳೆಯ ಕಾಲದ ಯಾರೂ ಅದನ್ನು ಬರೆದಿಲ್ಲ. ಸುಟ್ಟ ಮೇಲೆ ಅವರೇ ಅಲ್ಲಿ ಊರು ಕಟ್ಟಿದರು, ದೊಡ್ಡ ಸ್ನಾನದ ಮನೆ ಕಟ್ಟಿದರು. ಅದರ ಪಕ್ಕದಲ್ಲೇ ಈಗ ರಾಷ್ಟ್ರಪತಿ ಭವನ. ಆ ಕಡೆಗೆ ಕ್ಯಾಮೆರಾ ತಿರುಗಿಸಿದರೆ ಪೊಲೀಸರು ಸೀಟಿ ಊದುತ್ತಾರೆ.

ಸ್ನಾನ ಅಂದಾಗ ನೆನಪಾಯಿತು. ಮಾರನೇ ದಿನ ಟ್ಯಾಕ್ಸಿ ಮಾಡಿಕೊಂಡು ಕೆರ್ಕುವಾನ್‌ಗೆ ಹೋದೆವು. ಅದೂ ಕಾರ್ತೇಜಿನವರ ಕಾಲದ ಊರು, ಕಡಲಿನ ಅಂಚಿಗೇ ಇದೆ. ಎರಡು ಸಾವಿರಕ್ಕೂ ಹೆಚ್ಚು ವರ್ಷದ ಹಿಂದೆ ಜನ ಬಿಟ್ಟು ಹೋದರು, ಮೇಲೆ ಯಾರೂ ಕಟ್ಟಲಿಲ್ಲ, 1952ರ ತನಕ ಯಾರಿಗೂ ಗೊತ್ತಿರಲಿಲ್ಲ. ಗೋಡೆ ಮೊಣಕಾಲೆತ್ತರ ಉಳಿದಿವೆ. ಆದರೆ ಬಚ್ಚಲು ನೋಡಬೇಕು ನೀನು! ಮನೆ ಮನೆಗೂ ಒಂದು. ಕುರ್ಚಿ ಥರ ಕೂರುವ ಜಾಗ, ಎರಡು ಕಡೆ ಕೈ ಇಡಲು ದಿಂಡು, ಕಾಲು ಇಳಿಬಿಡಲು ಗುಂಡಿ. ಒಳಗೆಲ್ಲ ಮಡಕೆ ಪುಡಿ ಬೆರೆಸಿದ ಕೆಂಪು ಗಾರೆ, ಇನ್ನೂ ನುಣ್ಣಗಿದೆ. ಪಕ್ಕದಲ್ಲಿ ಒಂದು ಹಂಡೆ ಇಟ್ಟರೆ ಮುಗಿಯಿತು, ಅಜ್ಜಿಮನೆಯ ಬಚ್ಚಲೇ.

ಒಂದು ಮನೆಯ ಹೊಸಿಲು ದಾಟಿದ ಕೂಡಲೇ ಕೆಂಪು ನೆಲದಲ್ಲಿ ಬಿಳಿ ಕಲ್ಲಿನ ಚೂರು ಹುದುಗಿಸಿ ಒಂದು ಗುರುತು ಮಾಡಿದ್ದಾರೆ. ಕೆಳಗೆ ತ್ರಿಕೋನ, ಮೇಲೆ ಅಡ್ಡಗೆರೆ, ಅದರ ಮೇಲೆ ದುಂಡು. ಅವರ ದೇವತೆ ತಾನಿತ್‌ದು. ನಮ್ಮನೆಯವಳು ಚಪ್ಪಲಿ ಕಾಲನ್ನು ಹಿಂದಕ್ಕೆ ಎಳೆದುಕೊಂಡಳು. ರಂಗೋಲಿ ತುಳಿಯಬಾರದಲ್ವಾ.

ಸಂಜೆ ಹಮ್ಮಾಮೆತ್‌ನಲ್ಲಿ ಮಲ್ಲಿಗೆ ಮಾರುತ್ತಾರೆ. ಅರಳದ ಮೊಗ್ಗುಗಳನ್ನು ಒಂದೊಂದು ಹುಲ್ಲುಕಡ್ಡಿಗೆ ಸಿಕ್ಕಿಸಿ, ಎಲ್ಲ ಸೇರಿಸಿ ಕೆಂಪು ದಾರ ಸುತ್ತಿ ಪುಟ್ಟ ಗೊಂಚಲು. ಮಶ್ಮೂಮ್ ಅನ್ನುತ್ತಾರೆ. ಹೆಂಗಸರು ಮುಡಿಯುವುದಕ್ಕಲ್ಲ, ಗಂಡಸರು ಕಿವಿ ಸಂದಿಗೆ ಸಿಕ್ಕಿಸಿಕೊಳ್ಳುವುದಕ್ಕೆ. ಮೀಸೆ ಬಿಟ್ಟ ಮುದುಕರು ಮಲ್ಲಿಗೆ ಇಟ್ಟುಕೊಂಡು ಕಾಫಿ ಕುಡಿಯುತ್ತ ಕೂತಿರುತ್ತಾರೆ. ನಾನೂ ಒಂದು ಇಟ್ಟುಕೊಂಡೆ. ಫೋಟೋ ಕಳಿಸುವುದಿಲ್ಲ, ನೀನು ಗ್ರೂಪಿಗೆ ಹಾಕುತ್ತೀಯಾ.

ಆ ದೇಶದ ದಿನಾರನ್ನು ಹೊರಗೆ ತರುವ ಹಾಗಿಲ್ಲ. ಹಾಗಾಗಿ ಕೊನೆಯ ಸಂಜೆ ಉಳಿದ ಚಿಲ್ಲರೆಗೆಲ್ಲ ಹರೀಸಾ ಕೊಂಡೆ. ಮೆಣಸು, ಬೆಳ್ಳುಳ್ಳಿ, ಕೊತ್ತಂಬರಿ ಬೀಜ ಅರೆದ ಕೆಂಪು ಚಟ್ನಿ, ಟೂತ್‌ಪೇಸ್ಟ್ ಥರದ ಟ್ಯೂಬಿನಲ್ಲಿ ಬರುತ್ತದೆ. ಡಿಸೆಂಬರ್‌ನಲ್ಲಿ ಬರುವಾಗ ನಿನಗೆ ಎರಡು ತರುತ್ತೇನೆ. ಬಂಗುಡೆಗೆ ಸವರಿ ಹುರಿದು ನೋಡೋಣ. ಮತ್ತೆ ಒಂದು ಮಧ್ಯಾಹ್ನ ಬಸ್ರೂರಿಗೆ ಹೋಗಿ ಬರೋಣ, ಬೈಕು ನೀನೇ ಓಡಿಸಬೇಕು.

ನಿನ್ನ,
ಹಳೇ ಬೆಂಚಿನವ