ಚಿತ್ರ ನೋಡಲು ಬಂದವರಿಗೆ ನೋಡಲು ಬಿಡಿ

ಇವರಿಗೆ,
ವ್ಯವಸ್ಥಾಪಕರು,
ಆಧುನಿಕ ಕಲಾ ಸಂಗ್ರಹಾಲಯ

ವಿಷಯ: ಗ್ಯಾಲರಿಗಳ ಬೆಳಕು ಮತ್ತು ಬೆಂಚುಗಳ ಬಗ್ಗೆ ದೂರು

ಮಾನ್ಯರೇ,

ಕಳೆದ ಭಾನುವಾರ ಅಮ್ಮನ ಜೊತೆ ನಿಮ್ಮಲ್ಲಿಗೆ ಬಂದಿದ್ದೆ. ಬಾಗಿಲು ತೆರೆದಾಗಿನಿಂದ ಸಂಜೆವರೆಗೂ ಇದ್ದೆವು. ನಿಮ್ಮ ಸಂಗ್ರಹ ತುಂಬಾ ಚೆನ್ನಾಗಿದೆ. ಬೇಜಾರಾಗಿದ್ದೂ ಅದಕ್ಕೇ. ಅಂಥ ಚಿತ್ರಗಳನ್ನು ತೂಗುಹಾಕಿ, ಅವು ಕಣ್ಣಿಗೆ ಬೀಳದ ಹಾಗೆ ಮಾಡಿದ್ದೀರಿ.

ಮೇಲಿನ ಮಹಡಿಯ ಆ ದೊಡ್ಡ ಕಪ್ಪು ಅಮೂರ್ತ ಚಿತ್ರವನ್ನೇ ತಗೊಳ್ಳಿ. ಅದಕ್ಕೆ ಗಾಜು ಹಾಕಿ, ಎದುರಿಗೇ ಸ್ಪಾಟ್‌ಲೈಟ್ ಬಿಟ್ಟಿದ್ದೀರಿ. ಮುಂದೆ ನಿಂತರೆ ಕಾಣಿಸುವುದು ನಮ್ಮದೇ ಮುಖ, ಹಿಂದಿನ ಎಕ್ಸಿಟ್ ಬೋರ್ಡಿನ ಹಸಿರು ಬೆಳಕು. ಪಕ್ಕಕ್ಕೆ ಸರಿದು ಕತ್ತು ವಾಲಿಸಿದಾಗಷ್ಟೇ ಕಪ್ಪಿನ ಅಡಿಯಲ್ಲಿ ತೆಳ್ಳಗೆ ಬಳಿದ ನೀಲಿ ಕಂಡಿತು. ಆ ಚಿತ್ರದ ಜೀವ ಇರುವುದೇ ಆ ನೀಲಿಯಲ್ಲಿ! ಲೈಟನ್ನು ಮೇಲಿನಿಂದ ಸುಮಾರು 30 ಡಿಗ್ರಿ ಓರೆಯಾಗಿ ಬಿಟ್ಟರೆ ಈ ಹೊಳಪು ಬಹಳ ಕಡಿಮೆಯಾಗುತ್ತದೆ. ಗ್ಯಾಲರಿ ಕೆಲಸದವರಿಗೆ ಇದು ಗೊತ್ತಿರುವುದೇ. ಹೊಸ ಲೈಟ್ ಬೇಡ, ಇರುವುದನ್ನು ತಿರುಗಿಸಿದರೆ ಸಾಕು.

ಪಕ್ಕದ ಕೋಣೆಯಲ್ಲಿ ಇನ್ನೂ ಕಷ್ಟ. ಕಾಗದದ ಮೇಲಿನ ಜಲವರ್ಣಕ್ಕೆ ಸಾಮಾನ್ಯವಾಗಿ 50 ಲಕ್ಸ್‌ಗಿಂತ (ಲಕ್ಸ್ ಅಂದರೆ ಬೆಳಕಿನ ಅಳತೆ) ಜಾಸ್ತಿ ಬೆಳಕು ಬಿಡುವುದಿಲ್ಲ. ನಿಮ್ಮಲ್ಲಿ ಕಿಟಕಿಯ ಪರದೆ ಸರಿಸಿಟ್ಟು, ಮಧ್ಯಾಹ್ನದ ಬಿಸಿಲು ನೇರವಾಗಿ ಒಂದು ಚಿತ್ರದ ಮೇಲೆ ಬೀಳುತ್ತಿತ್ತು. ಮಾಸಿದ ಬಣ್ಣ ವಾಪಸ್ ಬರುವುದಿಲ್ಲ. ಪತ್ರ ಕೈಗೆ ಸಿಕ್ಕ ತಕ್ಷಣ ಮೊದಲು ಆ ಪರದೆ ಎಳೆಸಿ.

ಬೆಂಚುಗಳನ್ನು ಯಾಕೆ ತೆಗೆದಿರಿ? ಕೇಳಿದ್ದಕ್ಕೆ ಸಿಬ್ಬಂದಿ, ಜನ ಜಾಸ್ತಿ ಹೊತ್ತು ಕೂತುಬಿಡುತ್ತಾರೆ ಎಂದರು. ಕೂರಲಿ ಬಿಡಿ, ನಾವು ಬರುವುದೇ ಅದಕ್ಕಲ್ವಾ? ಗಾಢ ಬಣ್ಣದ ಚಿತ್ರಕ್ಕೆ ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಅಮೆರಿಕದ ಹ್ಯೂಸ್ಟನ್‌ನಲ್ಲಿ 1971ರಲ್ಲಿ ತೆರೆದ ರಾತ್ಕೊ ಚಾಪೆಲ್ ಎಂಬ ಪ್ರಾರ್ಥನಾ ಮಂದಿರದಲ್ಲಿ ಚಿತ್ರಕಾರ ಮಾರ್ಕ್ ರಾತ್ಕೊ ಅವರ 14 ಚಿತ್ರಗಳಿವೆ, ಎಲ್ಲವೂ ಕಪ್ಪಿಗೆ ಹತ್ತಿರದ ಬಣ್ಣದವು. ಅವುಗಳ ಮುಂದೆ ಕೂರಲು ಬೆಂಚು ಹಾಕಿದ್ದಾರೆ. ನಮ್ಮಮ್ಮನಿಗೆ ಮಂಡಿ ನೋವು. ಎರಡು ಗ್ಯಾಲರಿ ನೋಡಿದ ಮೇಲೆ ನಿಲ್ಲಲಾಗದೆ ಕೆಳಗಿನ ಮೆಟ್ಟಿಲ ಮೇಲೆ ಹೋಗಿ ಕೂತರು. ಅವರಿಗೆ ಬಣ್ಣ ಅಂದರೆ ಪ್ರಾಣ. ಉಳಿದ ಚಿತ್ರಗಳನ್ನು ನಾನೊಬ್ಬಳೇ ನೋಡಬೇಕಾಯಿತು.

ವಿಡಿಯೋ ಕೋಣೆಯ ಸದ್ದು ಎಲ್ಲ ಕಡೆಗೂ ಕೇಳಿಸುತ್ತಿತ್ತು. ಬಾಗಿಲಿಗೊಂದು ದಪ್ಪ ಪರದೆ ಹಾಕಿ.

ಪ್ರತಿ ಗ್ಯಾಲರಿಗೆ ಒಂದಾದರೂ ಬೆಂಚು ವಾಪಸ್ ಇಡಿ. ಲೈಟುಗಳನ್ನು ಯಾವಾಗ ಸರಿ ಮಾಡಿಸುತ್ತೀರಿ ಎಂದು ಬರೆದು ತಿಳಿಸಿ. ಅಮ್ಮನನ್ನು ಮತ್ತೆ ಕರೆದುಕೊಂಡು ಬರಬೇಕೆಂದಿದ್ದೇನೆ.

ಇಂತಿ,
ನಿಮ್ಮ ಸಂಗ್ರಹಾಲಯದ ಒಬ್ಬ ವೀಕ್ಷಕಿ